ತಿಮ್ಮೇಶ ಆರಿಸಿದ ಬಾತುಕೋಳಿ

ತಿಮ್ಮೇಶ ನಮ್ಮ ಹಿತ್ತಲಿಗೆ ಬಂದಾಗ ನಾನು ಬಾತುಕೋಳಿಗಳಿಗೆ ತೌಡು ಕಲಸುತ್ತಿದ್ದೆ. ಕೈ ತೊಳೆಯಲಿಲ್ಲ. ಎರಡು ವರ್ಷದ ಮೇಲೆ ಬಂದವನಿಗೆ ತೌಡಿನ ಕೈಯೇ ಸಾಕು.

"ಏನಮ್ಮೀ ಸುಧ, ಎಂಗಿದ್ದೀಯ?" ಅಂದ. ಮೀಸೆಗೆ ಬಣ್ಣ ಹಾಕಿದ್ದ. ಬೈಕಿನ ಮೇಲೆ 'ಪ್ರೊಫೆಸರ್ ಟಿಮ್, ಮಕ್ಕಳ ಮ್ಯಾಜಿಕ್' ಎಂಬ ಹೊಸ ಸ್ಟಿಕ್ಕರು. "ಕಿಕ್ಕೇರಿ ಸ್ಕೂಲಲ್ಲಿ ಮಕ್ಕಳ ದಿನಾಚರಣೆ ಶೋ ಐತೆ. ಜೀವ ಇರೋದನ್ನೇ ಮಾಯ ಮಾಡ್ಬೇಕು ಅಂತಾವ್ರೆ. ಪ್ರಾಣಿ ಗುಣ ನಿನ್ನಷ್ಟು ಯಾರಿಗ್ ಗೊತ್ತು? ಒಂದು ಆರಿಸ್ಕೊಡು."

ನನಗೆ ಸಿಟ್ಟಿದೆಯೇ ಎಂದು ಕೇಳಲೂ ಇಲ್ಲ. ಮರೆತಿರಲಿಲ್ಲ ಅವನು. ಕೇಳುವ ಅಗತ್ಯ ಕಂಡಿರಲಿಲ್ಲ.

ನಾನು ಅವನ ಸಹಾಯಕಿಯಾಗಿದ್ದಾಗ, ಪಾಂಡವಪುರದ ಒಂದು ಶಾಲೆಯಲ್ಲಿ, ಅವನ ಕರಿ ಮೇಜಿನ ಕಳ್ಳ ಅರೆಯೊಳಗೆ ಪಾರಿವಾಳ ಉಸಿರು ಕಟ್ಟಿ ಸತ್ತಿತು. ಗಾಳಿಗೆ ತೂತು ಕೊರೆಸು ಎಂದು ತಿಂಗಳುಗಟ್ಟಲೆ ಹೇಳಿದ್ದೆ. ತೂತಿದ್ದರೆ ಒಳಗೆ ಬೆಳಕು ಬೀಳುತ್ತದೆ, ಬೆಳಕು ಕಂಡರೆ ಹಕ್ಕಿ ಒದ್ದಾಡುತ್ತದೆ, ಗುಟ್ಟು ಹೋಗುತ್ತದೆ ಎನ್ನುತ್ತಿದ್ದ. ಆ ದಿನ ಹಕ್ಕಿ ಒಳಗಿರುವಾಗಲೇ ಸನ್ಮಾನ ಶುರುವಾಯಿತು. ಅವನು ಹಾರ ಹಾಕಿಸಿಕೊಂಡು ನಿಂತೇ ಇದ್ದ. ಪಾರಿವಾಳ ಸದ್ದಿಲ್ಲದೆ ಸಾಯುತ್ತದೆ. ಕೊನೆಗೆ ಅರೆ ತೆಗೆದಾಗ ಮೈಕು ಹಿಡಿದು, "ನೋಡಿ ಮಕ್ಳೇ, ಈ ಅಕ್ಕ ಅದುಮಿ ಸಾಯಿಸ್ಬುಟ್ಳು" ಎಂದ. ಯಾರೋ ವಿಡಿಯೊ ಮಾಡಿದರು. ನನ್ನದೇ ಒಂದು ಶೋ ಕಟ್ಟಬೇಕೆಂದಿದ್ದೆ. ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಯಾವ ಶಾಲೆಯೂ ಪಾರಿವಾಳ ಕೊಂದವಳನ್ನು ಗೇಟಿನೊಳಗೆ ಬಿಡಲಿಲ್ಲ. ಅಕ್ಕಿಹೆಬ್ಬಾಳಿಗೆ, ಅವ್ವನ ಬಾತುಕೋಳಿಗಳ ಬಳಿಗೆ ಬಂದೆ.

"ನಾನ್ಯಾಕೆ ಆರಿಸ್ಲಿ? ನೀನೇ ಆರಿಸ್ಕೋ" ಅಂದೆ.

ಜಗಲಿಯ ಮೇಲೆ ಮೂರು ಪ್ರಾಣಿ ತಂದಿಟ್ಟೆ. ಮೊಲ, ಪಾರಿವಾಳ, ಬಿಳಿ ಬಾತುಕೋಳಿ. ಆ ಬಾತಿನ ಜೊತೆಗೇ ಮೊಟ್ಟೆಯೊಡೆದ ಇನ್ನೊಂದಿತ್ತು. ಅದನ್ನು ಒಳಗೇ ಬಿಟ್ಟೆ.

"ಎರಡು ಮುಟ್ಟು."

ಮೊಲ ಮುಟ್ಟಿದ, ಬಾತು ಮುಟ್ಟಿದ. ಪಾರಿವಾಳವನ್ನು ಗೂಡಿಗೆ ಬಿಟ್ಟೆ.

"ಈಗ ಒಂದನ್ನ ನನ್ ಕೈಗೆ ಕೊಡು."

ಮೊಲವನ್ನು ಕಿವಿ ಹಿಡಿದೆತ್ತಿ ಕೊಟ್ಟ.

"ಸರಿ, ಉಳಿದದ್ದು ನಿಂದು."

ಅವನು ಮೊಲ, ಪಾರಿವಾಳ ಮುಟ್ಟಿದ್ದರೆ ಅವೆರಡನ್ನೂ ತೆಗೆದಿಡುತ್ತಿದ್ದೆ. ಬಾತನ್ನೇ ಕೈಗೆ ಕೊಟ್ಟಿದ್ದರೆ ಇದೇ ನಿನ್ನದು ಎನ್ನುತ್ತಿದ್ದೆ. ಇಸ್ಪೀಟೆಲೆಗಳಲ್ಲಿ ಈ ಆಟವನ್ನು ನನಗೆ ಕಲಿಸಿದವನೇ ಅವನು. ನೋಡುವವರು ತಾವೇ ಆರಿಸಿದೆವು ಅಂದುಕೊಳ್ಳಬೇಕು, ಅಷ್ಟೇ ಎಂದು ಹೇಳಿಕೊಟ್ಟಿದ್ದ.

"ಕೂಗಾಕಿಲ್ವಾ ಇದು?"

"ಕತ್ತಲಾದ್ರೆ ಗಪ್ಚಿಪ್."

ತನ್ನ ಕೋಟಿನಲ್ಲಿ ಸುತ್ತಿ ನೋಡಿದ. ಬಾತು ತೆಪ್ಪಗಿತ್ತು. "ನೋಡ್ದಾ ನನ್ ಸೆಲೆಕ್ಷನ್ನು!" ಎಂದು ನಕ್ಕ.

"ಶೋ ಮುಗೀತಿದ್ದಂಗೆ ನಾನೇ ಬಂದು ವಾಪಸ್ ತಗೋತೀನಿ" ಅಂದೆ.

ಬೈಕು ಮರೆಯಾದ ಮೇಲೆ ಅವ್ವ ಹೊರಬಂದಳು. "ಆ ನನ್ಮಗನ್ಗೆ ಯಾಕಮ್ಮೀ ಕೊಟ್ಟೆ? ಮಕದ ಮೇಲೆ ತೌಡು ಎರಚಬಾರ್ದಾಗಿತ್ತಾ?"

"ತೌಡು ತೊಳ್ಕೊಂಡ್ರೆ ಹೋಗ್ತದೆ ಕಣವ್ವ."

ಶೋ ದಿನ ಕಿಕ್ಕೇರಿಯ ಆ ಶಾಲೆಯ ಗೇಟಿನಲ್ಲಿ, ಬಾತುಕೋಳಿ ಒಯ್ಯಲು ಬಂದವಳು ಎಂದೆ. ಬಿಟ್ಟರು. ಬಟ್ಟೆ ಮುಚ್ಚಿದ ಬುಟ್ಟಿ ಮಡಿಲಲ್ಲಿಟ್ಟುಕೊಂಡು ಮಕ್ಕಳ ಹಿಂದೆ ಕೂತೆ. ವೇದಿಕೆಯಲ್ಲಿ ಅದೇ ಕರಿ ಮೇಜು. ಪಕ್ಕದಲ್ಲಿ ಅವನ ಹೊಸ ಸಹಾಯಕಿ ದಿವ್ಯ, ನನ್ನದೇ ಹಳೆಯ ಮಿಂಚಿನ ಲಂಗ ತೊಟ್ಟು ನಿಂತಿದ್ದಳು. ಸೊಂಟದಲ್ಲಿ ಪಿನ್ನು ಹಾಕಿ ಬಿಗಿ ಮಾಡಿದ್ದರು.

ಬಾತು ಮಾಯವಾಯಿತು. ಮಕ್ಕಳು ಚಪ್ಪಾಳೆ ಹೊಡೆದರು. ತಿಮ್ಮೇಶ ಮೇಜನ್ನು ಸುತ್ತ ತಿರುಗಿಸಿ ತೋರಿಸಿ, ತನ್ನ ಸಾಧನೆಯ ಭಾಷಣ ಶುರುಮಾಡಿದ. ನಾನು ಬುಟ್ಟಿಯ ಬಟ್ಟೆ ಸರಿಸಿದೆ.

ಬೆಳಕು ಕಂಡ ಬಾತು ಕತ್ತೆತ್ತಿ ಜೊತೆಗಾತಿಯನ್ನು ಕೂಗಿತು. ಮೇಜು ಉತ್ತರ ಕೊಟ್ಟಿತು.

ಇದು ಮತ್ತೆ ಕೂಗಿತು. ಮೇಜು ಇನ್ನೂ ಜೋರಾಗಿ, ಬಿಡದೆ.

"ಪ್ರೊಫೆಸ್ರೇ, ನಿಮ್ ಟೇಬಲ್ಲು ಕೂಗ್ತಾದೆ!"

"ಲೋ, ಮಾಯ ಆಗಿಲ್ಲ ಕಣ್ಲಾ, ಒಳಗೈತೆ!"

ಶಾಲೆಗೆ ಶಾಲೆಯೇ ನಕ್ಕಿತು. ನಾನು ಲೆಕ್ಕ ಹಾಕಿದ್ದು ಇಷ್ಟೇ. ಕೂತು, ಅವನ ಮುಖ ನೋಡಿ, ಎದ್ದು ಹೋಗುವುದು. ಆದರೆ ತಿಮ್ಮೇಶ ದಿವ್ಯಳ ತೋಳು ಹಿಡಿದು ಮುಂದಕ್ಕೆಳೆದ. ಮೈಕಿನಲ್ಲಿ, "ನೋಡಿ ಮಕ್ಳೇ, ಈ ಅಕ್ಕ ನೆಟ್ಗೆ ಮುಚ್ಚಿಲ್ಲ..." ಅಂದ.

ಈ ಅಕ್ಕ. ಅದೇ ದನಿ, ಅದೇ ಮಾತು. ಹುಡುಗಿ ಹಿಂದಕ್ಕೆ ಸರಿಯಲು ನೋಡಿದಳು, ಅವನು ತೋಳು ಬಿಡಲಿಲ್ಲ. ನನಗದು ಗೊತ್ತು.

ಬುಟ್ಟಿ ಎತ್ತಿಕೊಂಡು ವೇದಿಕೆ ಹತ್ತಿ, ಅದನ್ನು ಪಕ್ಕಕ್ಕಿಟ್ಟೆ. ಮೇಜಿನ ಕೆಳಗಿನ ಚಿಲಕ ಎಲ್ಲಿದೆಯೆಂದು ನನ್ನ ಬೆರಳು ಮರೆತಿರಲಿಲ್ಲ. ಅರೆ ಬಾಯ್ಬಿಟ್ಟಿತು. ಬಾತು ಕೊಕ್ಕು ತೆರೆದು ಏದುಸಿರು ಬಿಡುತ್ತ ಹೊರಬಂತು, ಬುಟ್ಟಿಯ ಕಡೆ ಓಡಿ ಒಳಗೆ ಸೇರಿತು.

"ಬನ್ರಪ್ಪ ಮಕ್ಳೇ. ಇದ್ರೊಳಕ್ಕೆ ಗಾಳಿ ಎಲ್ಲಿಂದ ಬರ್ತದೆ, ಹುಡುಕ್ರಿ."

ಮುಂದಿನ ಸಾಲಿನವರು ನುಗ್ಗಿದರು. ಬೆರಳು ತೂರಿಸಿದರು, ಕಣ್ಣಿಟ್ಟು ನೋಡಿದರು. "ತೂತೇ ಇಲ್ಲ ಕಣಕ್ಕೋ!"

ಹಕ್ಕಿ ಸತ್ತ ಮೇಲೂ ಕೊರೆಸಿರಲಿಲ್ಲ. ಮೇಷ್ಟರುಗಳ ಕೈಯಲ್ಲಿ ಮೊಬೈಲುಗಳು ಮೇಲೆದ್ದವು.

ತಿಮ್ಮೇಶ ಮೈಕನ್ನು ಅಂಗೈಯಿಂದ ಮುಚ್ಚಿದ. "ಸುಧ, ಕೈ ಮುಗೀತೀನಿ, ಬುಟ್ಬುಡು. ಮಕ್ಕಳ ಮುಂದೆ ಬ್ಯಾಡ."

"ಪಾಂಡವಪುರದಲ್ಲೂ ಮಕ್ಕಳೇ ಇದ್ದಿದ್ದು."

ಮೈಕನ್ನು ಅವನ ಕೈಯಿಂದ ಬಿಡಿಸಿಕೊಂಡು ಇಬ್ಬರ ನಡುವೆ ಹಿಡಿದೆ. "ಪಾರಿವಾಳ ಎಂಗೆ ಸತ್ತೋಯ್ತು ಅಂತ ನೀನ್ ಹೇಳ್ತೀಯಾ, ನಾನ್ ಹೇಳ್ಲಾ? ಆರಿಸ್ಕೋ."

ಅವನು ನನ್ನ ಕೈ ನೋಡಿದ. ಬುಟ್ಟಿಯಲ್ಲಿ ಒಂದಕ್ಕೊಂದು ಆತುಕೊಂಡು ಕೂತ ಎರಡು ಬಾತುಗಳನ್ನು ನೋಡಿದ. ಹಿತ್ತಲಿನಲ್ಲಿ ಆರಿಸಿದ್ದು ಯಾರು ಎಂದು ಆಗ ಅವನಿಗೆ ಹೊಳೆಯಿತು. ಮೀಸೆಯ ಬಣ್ಣ ಬೆವರಿಗೆ ತುಟಿಯವರೆಗೆ ಇಳಿದಿತ್ತು.

ಮೈಕಿಗೆ ಕೈ ಚಾಚಿದ. ಕೊಟ್ಟೆ.

"ಮಕ್ಳೇ..." ಎಂದ, ಯಾರಿಗೂ ಕೇಳದಷ್ಟು ಮೆಲ್ಲಗೆ.

ನಾನು ಸೌಂಡ್ ಬಾಕ್ಸಿನ ಬಳಿ ಹೋಗಿ ವಾಲ್ಯೂಮನ್ನು ಪೂರ್ತಿ ತಿರುಗಿಸಿದೆ.