ತವರಿನ ಡಬ್ಬಿ

ಶಿಕಾರಿಪುರದ ಮಾರ್ಕೆಟ್ ಯಾರ್ಡಿನ ಎದುರು ಹಿಂಡಿ, ಬೂಸಾ ಮಾರುವ ಗೋಪಾಲಪ್ಪನವರಿಗೆ, ಸೊಸೆ ಶಾಲಿನಿ ನಾಯಿ ಊಟದ ಡಬ್ಬಿಗಳನ್ನು ತಂದು ಅಂಗಡಿಯಲ್ಲಿ ಜೋಡಿಸಿದ ದಿನ ನಗು ತಡೆಯಲಾಗಿರಲಿಲ್ಲ. ಉಳಿದ ಮುದ್ದೆ, ಅನ್ನ ತಿಂದೇ ಬೆಳೆದ ನಾಯಿಗಳ ಸೀಮೆಯಲ್ಲಿ ಡಬ್ಬಿ ಯಾರಿಗೆ ಬೇಕು? ಆದರೂ ಜನ ಕೊಂಡರು. ಕೊಂಡವರ ಹೆಸರು ಕೇಳಿದರೆ ಶಾಲಿನಿ ತಡವರಿಸಿಯಾಳು. ಅವರ ನಾಯಿಯ ಹೆಸರು, ಅದರ ಹೊಟ್ಟೆಯ ಸಮಾಚಾರ ಮಾತ್ರ ನಾಲಗೆಯ ತುದಿಯಲ್ಲೇ ಇರುತ್ತಿತ್ತು.

ಆ ಶುಕ್ರವಾರ ಬೆಳಿಗ್ಗೆ ಕಂಪನಿಯಿಂದ ಸಂದೇಶ ಬಂತು. ಹೋದ ತಿಂಗಳ ಡಬ್ಬಿಗಳಲ್ಲಿ ವಿಷಕ್ರಿಮಿ ಸೇರಿರುವ ಅನುಮಾನವಿದೆ, ನಾಯಿಗೆ ಹಾಕಬಾರದು, ಎಲ್ಲ ವಾಪಸ್ ಪಡೆಯಿರಿ, ಆಗದಿದ್ದರೆ ಆಳವಾಗಿ ಹೂತುಬಿಡಿ. ಶಾಲಿನಿ ನಿಂತಲ್ಲೇ ಫೋನ್ ಹಿಡಿದಳು.

“ಈಸೂರಿನ ಟೈಗರ್ ಮನೆಯವರಾ? ನಮ್ಮ ಅಂಗಡಿ ಡಬ್ಬಿ ಕೆಟ್ಟೈತ್ರಿ. ಹಾಕ್ಬ್ಯಾಡ್ರಿ, ನಾನೇ ಬಂದು ತಗೊಂಡು ಹೋಗ್ತೀನಿ.”

ಗೋಪಾಲಪ್ಪ ಗಡಬಡಿಸಿ ಹತ್ತಿರ ಬಂದರು. “ಅಷ್ಟು ಬಿಡಿಸಿ ಹೇಳ್ತಾರೇನವ್ವಾ? ನಾಳೆ ಹಿಂಡಿನೂ ಕೆಟ್ಟೈತಿ ಅಂತಾರೆ. ಅಂಗಡಿ ಹೆಸರು ಮಣ್ಣುಪಾಲಾಗ್ತೈತಿ.”

“ತಿನ್ನೋದು ನಾಯಿ, ಮಾವಾ. ಅದಕ್ಕೆ ಹೊಟ್ಟೆನೋವು ಅಂತ ಹೇಳಾಕ ಬರಲ್ಲ,” ಎಂದು ಅವಳು ಮುಂದಿನ ನಂಬರ್ ಒತ್ತಿದಳು.

ಬಿಸಿಲು ಇಳಿಯುವಷ್ಟರಲ್ಲಿ ಸ್ಕೂಟರಿನಲ್ಲಿ ಊರೂರು ಸುತ್ತಿ, ಬೈದವರ ಮನೆಯಲ್ಲೂ ನಾಯಿಯ ತಲೆ ಸವರಿ, ಮಾರಿದ್ದನ್ನೆಲ್ಲ ಹೊತ್ತು ತಂದಳು. ಮುಖ ಧೂಳಾಗಿತ್ತು, ಕಣ್ಣು ಮಾತ್ರ ಹೊಳೆಯುತ್ತಿತ್ತು. ಎಂಥ ಗಟ್ಟಿಗಿತ್ತಿ ಎಂದು ಗೋಪಾಲಪ್ಪನವರಿಗೆ ಒಳಗೊಳಗೇ ಹೆಮ್ಮೆ. ಅದನ್ನು ಬಾಯಿಬಿಟ್ಟು ಹೇಳಿದರೆ ಗಂಟೇನೋ ಹೋದೀತೆಂಬ ಬಿಗುಮಾನ.  ಆದರೆ ಮಾರದೆಯೇ ಅಂಗಡಿಯಿಂದ ಹೊರಹೋದ ಡಬ್ಬಿಯೊಂದಿತ್ತು. ಸೊರಬದಲ್ಲಿರುವ ತಂಗಿ ವನಜಮ್ಮ ನಾಯಿಮರಿ ತಂದಿದ್ದಾಳೆಂದು ಕೇಳಿ, ಬರಿಗೈಯಲ್ಲಿ ಹೋಗಬಾರದೆಂದು ಮೊನ್ನೆ ಅವರೇ ಒಯ್ದು ಕೊಟ್ಟಿದ್ದರು. ನಮ್ಮ ಅಂಗಡಿಯ ಮಾಲು ಎಂದರೆ ಮಾಲು ಎಂದು ಅವಳ ಗಂಡನ ಮುಂದೆ ಕೊಚ್ಚಿಕೊಂಡೂ ಬಂದಿದ್ದರು.

“ವನಜಮ್ಮನ ಹತ್ರ ಒಂದೈತಿ,” ಎಂದರು ನೆಲ ನೋಡುತ್ತ. ಫೋನ್ ಮಾಡಿದರೆ ಅತ್ತ ಯಾರೂ ಎತ್ತಲಿಲ್ಲ. ಶಾಲಿನಿ ಮತ್ತೆ ಕೀ ಕೈಗೆತ್ತಿಕೊಂಡಳು.

ಶಿರಾಳಕೊಪ್ಪ ದಾಟಿದ ಮೇಲೆ ಗೋಪಾಲಪ್ಪ ಹಿಂದಿನ ಸೀಟಿನಿಂದಲೇ ಅಂಗಲಾಚಿದರು. “ಕೆಟ್ಟೈತಿ ಅಂತ ಮಾತ್ರ ಹೇಳ್ಬ್ಯಾಡವ್ವಾ. ಬೇರೆದು ಕೊಡ್ತೀವಿ ಅನ್ನು. ತಂಗಿ ಮನ್ಯಾಗೆ ನನ್ನ ಮರ್ಯಾದಿ ಉಳಿಸು.”

ಶಾಲಿನಿ ಸ್ಕೂಟರಿನ ವೇಗ ತಗ್ಗಿಸಿ, “ಆಗ್ಲಿ, ನಾನು ಹೇಳಲ್ಲ. ಆದ್ರೆ ಮರಿಗೆ ತಿನ್ನಾಕ ಬಿಡಲ್ಲ,” ಎಂದಳು.

ವನಜಮ್ಮ ಆಗಷ್ಟೇ ದೀಪ ಹಚ್ಚಿ ಹೊರಬಂದಿದ್ದರು. ಡಬ್ಬಿ ಜಗಲಿಯ ಗೂಡಿನಲ್ಲಿ ಹಾಗೆಯೇ ಇತ್ತು. ಮರಿ ಓಡಿ ಬಂದು ಶಾಲಿನಿಯ ಕಾಲು ನೆಕ್ಕಿತು. ಆ ಡಬ್ಬಿ ಕೊಡಿ ಅತ್ತೆ, ಬೇರೆ ತಂದುಕೊಡುತ್ತೇನೆ ಎಂದು ಶಾಲಿನಿ ಕೇಳಿದ್ದೇ ತಡ, ವನಜಮ್ಮನ ಮುಖ ಕೆಂಪಾಯಿತು.

“ನಮ್ಮಣ್ಣ ಕೊಟ್ಟ ಒಂದು ಡಬ್ಬಿ ಮೇಲೂ ನಿನ್ನ ಕಣ್ಣು ಬಿತ್ತೇನೆ? ತವರಿಂದ ಬಂದದ್ದು ಅದು. ಶುಕ್ರವಾರ ದೀಪ ಹಚ್ಚಿದ ಮೇಲೆ ಈ ಮನೆಯಿಂದ ಹುಲ್ಲುಕಡ್ಡಿನೂ ಹೊರಗೆ ಕೊಡಲ್ಲ, ತಿಳೀತಾ? ನಿನ್ನೆದುರಿಗೇ ಈ ಮರಿಗೆ ಹಾಕ್ತೀನಿ, ನೋಡು!”

ಅವರು ಡಬ್ಬಿ ಇಳಿಸಿ ಮುಚ್ಚಳದ ಉಂಗುರಕ್ಕೆ ಬೆರಳು ಹಾಕಿದರು. ಶಾಲಿನಿ ಮರಿಯನ್ನೆತ್ತಿ ಎದೆಗವಚಿಕೊಂಡು ನಿಂತಳು. ಒಂದು ಮಾತೂ ಆಡಲಿಲ್ಲ.

“ನಾಯಿಮರೀನೂ ಕಸ್ಕೊಂಡ್ಯಾ? ಇಂಥ ಜಿಪುಣಿ ಸೊಸೆ ಎಲ್ಲಿ ಸಿಕ್ಕಿದಳಣ್ಣಾ ನಿಂಗೆ?”

ಬೆಳಗಿನಿಂದ ಅನ್ನ ನೀರು ಬಿಟ್ಟು ಅಲೆದವಳಿಗೆ ಈ ಮಾತು! ಗೋಪಾಲಪ್ಪ ಚಪ್ಪಲಿ ಕಳಚಿ ಜಗಲಿ ಹತ್ತಿದರು. ಮುಂದೆ ಹೋಗಿ ತಂಗಿಯ ಕೈ ಹಿಡಿದರು.

“ಬಿಡು ವನಜಾ. ಅದು ಕೆಟ್ಟೈತಿ. ಮರಿ ಜೀವಕ್ಕೇ ಕುತ್ತು. ಕೊಟ್ಟಾವ ನಾನು. ಹೇಳ್ಬ್ಯಾಡ ಅಂತ ಇವಳ ಬಾಯಿ ಕಟ್ಟಿದಾವನೂ ನಾನೇ.”

ವನಜಮ್ಮ ಡಬ್ಬಿಯನ್ನು ಹಾವು ಮುಟ್ಟಿದವರಂತೆ ಕೆಳಗಿಟ್ಟರು. ಆದರೂ ಶುಕ್ರವಾರ ಶುಕ್ರವಾರವೇ. ಹಿತ್ತಲಲ್ಲೇ ಹೂತರೆ ಮನೆಯದು ಮನೆಯಲ್ಲೇ ಉಳಿದಂತಾಯಿತಲ್ಲ ಎಂದು ಶಾಲಿನಿಯೇ ದಾರಿ ತೋರಿಸಿದಳು. ಗುದ್ದಲಿಯನ್ನು ಮಾತ್ರ ಗೋಪಾಲಪ್ಪ ಅವಳ ಕೈಗೆ ಕೊಡಲಿಲ್ಲ.

ವನಜಮ್ಮ ಕುಂಕುಮದ ಬಟ್ಟಲು ಹಿಡಿದು ಹಿತ್ತಲಿಗೆ ಬಂದರು. ಶಾಲಿನಿಯ ಹಣೆಗೆ ಇಡುತ್ತ ಕೇಳಿದರು. “ಅಷ್ಟು ಅಂದೆನಲ್ಲೇ ನಾನು. ಎಲ್ಲಾ ಕೇಳಿಸ್ಕೊಂಡು ಯಾಕೆ ಹಂಗೆ ನಿಂತಿದ್ದೆ?”

ಶಾಲಿನಿ ಮರಿಯನ್ನು ಇನ್ನೂ ಕೆಳಗಿಳಿಸಿರಲಿಲ್ಲ. “ಮಾವ ಹೇಳ್ತಾರೆ ಅಂತ ಗೊತ್ತಿತ್ತು ಅತ್ತೆ,” ಎಂದಳು.

ಗೋಪಾಲಪ್ಪನವರಿಗೇ ಅದು ಗೊತ್ತಿರಲಿಲ್ಲ. ಅವರು ತಲೆ ಎತ್ತದೆ ಗುಂಡಿಯನ್ನು ಇನ್ನಷ್ಟು ಆಳ ಮಾಡಿದರು.