ಗೇಟಿನ ಹೊರಗೆ ನೂರು ಜನ

ಅಂಗಿ ಕಾರ್ಖಾನೆಯ ಮೇಲ್ವಿಚಾರಕನಿಗೆ ಹೆತ್ತವರು ಇಟ್ಟ ಹೆಸರು ಯಾರಿಗೂ ನೆನಪಿರಲಿಲ್ಲ. ಹೊಲಿಗೆಯ ಹೆಂಗಸರಿಗೆ ಅವನು ಗೇಟಪ್ಪ. ಯಾರಾದರೂ ಸೊಂಟ ನೋವೆಂದರೆ, ಶೌಚಕ್ಕೆಂದು ಎರಡನೇ ಸಲ ಎದ್ದರೆ, ಅವನದು ಒಂದೇ ಮಾತು: "ಬೇಡವಾದ್ರೆ ಹೊರಡಿ. ಗೇಟ್ ಹೊರಗೆ ನೂರು ಜನ ನಿಂತಿದ್ದಾರೆ." ಹನ್ನೊಂದು ವರ್ಷ ಆ ಮಾತೇ ಅವನ ವಿದ್ಯೆ, ಅದೇ ಅವನ ಅನ್ನ.

ಆ ವರ್ಷ ಊರಾಚೆ ದೊಡ್ಡ ಗೋದಾಮು ಎದ್ದಿತು, ಆಸ್ಪತ್ರೆ ತೆರೆಯಿತು, ಬೇಕೆಂದವರಿಗೆಲ್ಲ ಕೆಲಸ ಸಿಕ್ಕಿತು. ಪೂರ್ಣ ಉದ್ಯೋಗ ಬಂತೆಂದು ಪತ್ರಿಕೆಗಳು ದಪ್ಪಕ್ಷರದಲ್ಲಿ ಬರೆದವು. ಗೇಟಪ್ಪನೂ ಓದಿ ಹೆಮ್ಮೆಪಟ್ಟ.

ಮರುದಿನ ಕಾಲರ್ ಹೊಲಿಯುವಾಕೆ ಬೆರಳಿಗೆ ಸೂಜಿ ಹೊಕ್ಕಿದೆ, ಅರ್ಧ ದಿನ ರಜೆ ಕೊಡಿ ಎಂದಳು. ಗೇಟಪ್ಪ ಬಾಯಿಪಾಠ ಒಪ್ಪಿಸಿದ. ಆಕೆ ಎದ್ದು ಕಿಟಕಿಯಿಂದ ಇಣುಕಿದಳು.

"ಒಂದು ನಾಯಿ ಮಲಗಿದೆ, ಸಾರ್. ಅದಕ್ಕೆ ಕಾಲರ್ ಹೊಲಿಯೋಕೆ ಬರುತ್ತಾ ಕೇಳಿ."

ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟಳು. ಆಸ್ಪತ್ರೆಯವರು ಹಾಸಿಗೆ ಬಟ್ಟೆ ಹೊಲಿಯಲು ಅವಳನ್ನು ಸೇರಿಸಿಕೊಂಡರು. ವಾರದೊಳಗೆ ಹದಿನೆಂಟು ಯಂತ್ರಗಳು ಮೂಕವಾದವು.

"ಎಲ್ಲರಿಗೂ ಕೆಲಸ ಸಿಗ್ಲಿ ಅಂತ ನಾನೇ ಭಾಷಣ ಮಾಡಿದ್ದೆ ಕಣಯ್ಯ," ಎಂದು ಮಾಲೀಕ ತಲೆ ಹಿಡಿದುಕೊಂಡ. "ನಿಜವಾಗ್ಲೂ ಸಿಗುತ್ತೆ ಅಂತ ಯಾರಿಗೆ ಗೊತ್ತಿತ್ತು? ಹತ್ತು ಜನಕ್ಕೆ ಕೂಲಿ ಕೊಟ್ಟು ಗೇಟ್ ಮುಂದೆ ನಿಲ್ಲಿಸು. ಒಳಗಿರೋರು ನೋಡ್ಲಿ."

ಗೇಟಪ್ಪ ಮೂರು ದಿನ ಬೀದಿ ಬೀದಿ ಅಲೆದ. ಸುಮ್ಮನೆ ನಿಲ್ಲುವುದಕ್ಕೂ ಒಬ್ಬರಿಗೂ ಪುರುಸೊತ್ತಿರಲಿಲ್ಲ. ಹತ್ತು ವರ್ಷ ಇವನ ಮನೆಯ ಕುರ್ಚಿ ಸವೆಸಿದ್ದ ಭಾವಮೈದುನ ಕೂಡ ಶೂ ಉಜ್ಜುತ್ತಾ, "ಡ್ಯೂಟಿ ಮುಗಿಸಿ ಆರರ ಮೇಲೆ ಬರ್ಲಾ, ಭಾವ?" ಎಂದ.

ಬೇರೆ ದಾರಿ ಕಾಣದೆ ಗೇಟಪ್ಪ ಕಾಲರ್‌ನವಳ ಮನೆಯ ಮೆಟ್ಟಿಲು ಹತ್ತಿದ. ಅವಳಿನ್ನೂ ಬಂದಿರಲಿಲ್ಲ. ಅವಳ ಅತ್ತೆ ಇವನನ್ನು ಕಾಲು ಮೋಟಾದ ಸ್ಟೂಲಿನ ಮೇಲೆ ಕೂರಿಸಿ, ಕನ್ನಡಕ ಏರಿಸಿಕೊಂಡಳು.

"ಶೌಚಾಲಯ ಎಷ್ಟಿದೆ?"

"ಒಂದು, ಅಮ್ಮ."

"ಜನ?"

"ಅರವತ್ತು ಇದ್ರು."

"ನಿನ್ನ ಬಗ್ಗೆ ಒಳ್ಳೇ ಮಾತಾಡೋರು ಯಾರಾದ್ರೂ ಇದ್ದಾರಾ?"

ಅಷ್ಟರಲ್ಲಿ ಸೊಸೆ ಬಂದಳು, ಒಂದೂವರೆ ಪಟ್ಟು ಸಂಬಳ, ಬೆನ್ನಿರುವ ಕುರ್ಚಿ, ಎದ್ದಾಗ ಯಾಕೆಂದು ಕೇಳಬಾರದು ಎಂದಳು. ಪ್ರತಿಯೊಂದಕ್ಕೂ ಇವನು ಗೋಣು ಆಡಿಸಿದ.

"ಸರಿ," ಎಂದಳು ಅತ್ತೆ. "ಯೋಚ್ನೆ ಮಾಡಿ ಹೇಳಿ ಕಳಿಸ್ತೀವಿ."

ಹೇಳಿ ಕಳಿಸಲೇ ಇಲ್ಲ. ಉಳಿದವರಾದರೂ ಉಳಿಯಲೆಂದು ಮಾಲೀಕ ಹಲ್ಲು ಕಚ್ಚಿ ಹೊಸ ಕುರ್ಚಿ ತರಿಸಿದ. ಮೆಕ್ಯಾನಿಕ್ ಗೋದಾಮಿಗೆ ಸೇರಿದ್ದರಿಂದ ತಿರುಪು ಬಿಗಿಯುವ ಕೆಲಸ ಗೇಟಪ್ಪನ ಪಾಲಿಗೆ ಬಂತು. ಗುಂಡಿ ಹಾಕುವ ಅಜ್ಜಿ ಕೂತು ನೋಡಿದಳು.

"ಸ್ವಲ್ಪ ಅಲ್ಲಾಡುತ್ತೆ. ಇನ್ನೊಂದ್ಸಲ ಬಿಗಿ, ಮಗ."

ಅವನು ಮಂಡಿಯೂರಿದ.