ದೊಡ್ಡದು ಮಾಡದ ಫೋಟೋ

ರಾಯಚೂರಿನ ಕುತುಬುದ್ದೀನ್ ಕ್ಯಾಮೆರಾ ಹೊತ್ತು ವಾರಕ್ಕೊಮ್ಮೆ ಬಸ್ಸಿನಲ್ಲಿ ದೇವದುರ್ಗಕ್ಕೆ ಬಂದು, ಚಹಾದಂಗಡಿಯ ಬೆಂಚಿನ ಮೇಲೆ ಕೂತು ಫೋಟೋದ ಆರ್ಡರು ಹಿಡಿಯುತ್ತಿದ್ದ. ೧೯೭೯ರ ಒಂದು ಮಧ್ಯಾಹ್ನ ಬಸ್ಸಮ್ಮ ಅಲ್ಲಿಗೇ ಹುಡುಕಿಕೊಂಡು ಬಂದಳು.

"ನನ್ನ ಮಗ ಮಾರೆಪ್ಪನ ಫೋಟೋ ದೊಡ್ಡದು ಮಾಡಾಕ ನಮ್ಮ ಮುದುಕ ಹೇಳ್ಯಾನಂತ. ಮಾಡಬ್ಯಾಡ್ರಿ ಸಾಬ್ರ. ಗ್ವಾಡಿಗೆ ದೊಡ್ಡ ಫೋಟೋ ಹಾಕೋದು ಸತ್ತೋರಿಗೆ. ನನ್ನ ಮಗ ಪುಣೇಕ ದುಡಿಯಾಕ ಹೋಗ್ಯಾನ."

ಹೋದ ವಾರ ಅವಳ ಗಂಡ ತಾಯಪ್ಪ ಇದೇ ಬೆಂಚಿನಲ್ಲಿ ಕೂತು, ಮಗ ಕಟ್ಟಡದಿಂದ ಬಿದ್ದು ಸತ್ತದ್ದನ್ನು ಹೇಳಿದ್ದ. "ಆಕಿಗೆ ಹೇಳಾಕ ನನಗ ಬಾಯಿ ಬರವಲ್ದು. ಫೋಟೋ ಮನಿಗೆ ಬಂದ್ರ ತಾನ ತಿಳಕೊಂತಾಳ" ಎಂದಿದ್ದ.

"ಆತು ಯವ್ವಾ, ರದ್ದು ಮಾಡ್ತೀನಿ" ಎಂದ ಕುತುಬುದ್ದೀನ್.

"ಅದರ ಫಿಲಮೂ ಕೊಡ್ರಿ. ನಿಮ್ಮ ಕಡಿ ಇದ್ರ ಮುದುಕ ಮತ್ತ ಬಂದು ಕಾಡ್ತಾನ."

ಫಿಲಮು ಫೋಟೋ ತೆಗೆದವನದು ಎಂಬುದು ಕುತುಬುದ್ದೀನನ ಕಟ್ಟುನಿಟ್ಟು. ಹದಿನಾಲ್ಕು ವರ್ಷದಲ್ಲಿ ಯಾರಿಗೂ ಕೊಟ್ಟವನಲ್ಲ. ಈಗ ಚೀಲದಿಂದ ತೆಗೆದು ಅವಳ ಕೈಗಿಟ್ಟ.

ಬಸ್ಸಮ್ಮ ಅದನ್ನು ಬಿಸಿಲಿಗೆ ಹಿಡಿದಳು. ಫಿಲಮಿನಲ್ಲಿ ಮಾರೆಪ್ಪನ ಕಪ್ಪು ಕೂದಲು ಬೆಳ್ಳಗೆ ಕಾಣುತ್ತಿತ್ತು.

"ಅಯ್ಯ, ಇದರಾಗ ನನ್ನ ಮಗ ಮುದುಕ ಆಗ್ಯಾನಲ್ರೀ! ಥೇಟ್ ಅವರಪ್ಪನಂಗ ಕಾಣ್ತಾನ" ಎಂದು ನಕ್ಕಳು.

ಕುತುಬುದ್ದೀನ್ ಆರ್ಡರ್ ಪುಸ್ತಕ ತೆರೆದು ಮಾರೆಪ್ಪನ ಹೆಸರಿನ ಮೇಲೆ ಗೀಟು ಎಳೆದ. ಫೋಟೋದ ಕೆಳಗೆ ಹಾಕಲೆಂದು ತಾಯಪ್ಪ ಬರೆಸಿದ್ದ, ಮಗ ಸತ್ತ ತಾರೀಖು ಹಾಗೇ ಉಳಿಯಿತು. ಓದು ಬಾರದ ಬಸ್ಸಮ್ಮ ಬಗ್ಗಿ ಅದರ ಮೇಲೆ ಬೆರಳಿಟ್ಟಳು.

"ಇದೇನು ಬರದೀರಿ?"

"ಫೋಟೋ ಕೊಡೋ ತಾರೀಖು ಯವ್ವಾ" ಎಂದು ಕುತುಬುದ್ದೀನ್ ಪುಸ್ತಕ ಮುಚ್ಚಿದ.